ಬೆಂಗಳೂರು–ಮಂಗಳೂರು ವಿಮಾನ: ಮುನ್ನೂರು ಕಿಲೋಮೀಟರಿಗೆ ನಿಜವಾಗಿ ಹಿಡಿಯುವ ಹೊತ್ತು

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ ಎಂದು ಎಲ್ಲರೂ ಹೇಳುತ್ತಾರೆ. ಟಿಕೆಟ್ಟಿನಲ್ಲಿಯೂ ಒಂದು ಗಂಟೆ ಐದು ನಿಮಿಷವೋ ಹತ್ತು ನಿಮಿಷವೋ ಎಂದು ಅಚ್ಚಾಗಿರುತ್ತದೆ. ಎರಡು ಊರುಗಳ ಅಂತರವನ್ನು ವಿಮಾನದ ವೇಗದಿಂದ ಭಾಗಿಸಿ ಉತ್ತರ ಕೊಡುವ ಜಾಲತಾಣಗಳನ್ನು ನೋಡಿದರೆ ಇನ್ನೂ ಕಡಿಮೆ, ಅರ್ಧ ಗಂಟೆಯೂ ಇಲ್ಲದಷ್ಟು ಹೊತ್ತನ್ನು ತೋರಿಸುತ್ತವೆ. ಕರಾವಳಿಯಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಎಂದು ಬದುಕುತ್ತಿರುವ ಸಾವಿರಾರು ಜನರಂತೆ ನಾನೂ ಈ ಸೇವೆಯನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬಸ್ಸು, ರೈಲು, ವಿಮಾನ ಮೂರರ ನಡುವೆ ಪ್ರತಿ ಸಲವೂ ಒಂದನ್ನು ಆರಿಸಿಕೊಳ್ಳಬೇಕಾದ ಓದುಗರಿಗೆ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈ ಮಾರ್ಗದಲ್ಲಿ ಹಾರುವ ಕಂಪನಿಗಳ ಪೈಕಿ ಯಾವುದು ಮೇಲು ಎಂಬುದು ಇಲ್ಲಿನ ವಿಷಯವಲ್ಲ. ಹಾರಾಟವೆಂಬ ಸೇವೆಗೆ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಎಷ್ಟು ಹೊತ್ತು ಬೇಕು, ಆ ಹೊತ್ತು ಎಲ್ಲೆಲ್ಲಿ ಖರ್ಚಾಗುತ್ತದೆ, ಯಾರಿಗೆ ಅದು ನಿಜಕ್ಕೂ ಲಾಭ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಅಂತರವನ್ನು ನೋಡೋಣ. ಬೆಂಗಳೂರಿನ ನಡುವಿನ ಮೆಜೆಸ್ಟಿಕ್ಕಿನಿಂದ ಮಂಗಳೂರಿನ ನಡುವಿನ ಹಂಪನಕಟ್ಟೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 296 ಕಿಲೋಮೀಟರು ಬರುತ್ತದೆ. ಎರಡೂ ಊರುಗಳು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೇ ಇರುವುದರಿಂದ ಈ ಲೆಕ್ಕ ಸುಲಭ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108.5 ಕಿಲೋಮೀಟರು, ಊರುಗಳ ನಡುವೆ ಇರುವುದು ಎರಡೂ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ. ಅಂದರೆ ಮಂಗಳೂರು ಬೆಂಗಳೂರಿಗೆ ಬಹುಮಟ್ಟಿಗೆ ನೇರ ಪಶ್ಚಿಮದಲ್ಲಿದೆ. ಆದರೆ ವಿಮಾನ ಹಾರುವುದು ಮೆಜೆಸ್ಟಿಕ್ಕಿನಿಂದಲ್ಲ, ದೇವನಹಳ್ಳಿಯ ಬಳಿಯ ಕೆಂಪೇಗೌಡ ನಿಲ್ದಾಣದಿಂದ. ಅದು ನಗರದ ಈಶಾನ್ಯಕ್ಕಿದೆ. ಹೀಗಾಗಿ ಪಶ್ಚಿಮದ ಊರಿಗೆ ಹೊರಟವನು ಮೊದಲು ಬಾಡಿಗೆ ಕಾರಿನಲ್ಲಿಯೋ ಬಸ್ಸಿನಲ್ಲಿಯೋ ಆ ಊರಿಗೆ ಬೆನ್ನು ಹಾಕಿ ಮೂವತ್ತು ನಲವತ್ತು ಕಿಲೋಮೀಟರು ಸಾಗಬೇಕು, ಆಮೇಲೆ ವಿಮಾನದಲ್ಲಿ ಕುಳಿತು ಅದೇ ನಗರದ ಉತ್ತರದ ಆಕಾಶವನ್ನು ದಾಟಿ ಹಿಂತಿರುಗಬೇಕು. ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ಅಂತರ ಸುಮಾರು 306 ಕಿಲೋಮೀಟರು, ಅಂದರೆ ಊರಿಂದ ಊರಿಗಿಂತ ಹತ್ತು ಕಿಲೋಮೀಟರು ಹೆಚ್ಚು.

2008ರ ಮೇ ತಿಂಗಳಿನವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅಲ್ಲಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ಅಂತರ 301 ಕಿಲೋಮೀಟರಿನ ಆಸುಪಾಸು. ನಿಲ್ದಾಣ ದೇವನಹಳ್ಳಿಗೆ ಹೋದದ್ದರಿಂದ ವಿಮಾನದ ದಾರಿ ಬೆಳೆದದ್ದು ಐದು ಕಿಲೋಮೀಟರು ಮಾತ್ರ, ಅದು ಅರ್ಧ ನಿಮಿಷದ ಮಾತು. ಪ್ರಯಾಣಿಕನ ದಾರಿ ಬೆಳೆದ ಪ್ರಮಾಣವೇ ಬೇರೆ. ಜಯನಗರದಿಂದಲೋ ಮಲ್ಲೇಶ್ವರದಿಂದಲೋ ಆಟೋ ಹಿಡಿದು ಹೋಗಬಹುದಾಗಿದ್ದ ನಿಲ್ದಾಣ ಈಗ ಹೆಬ್ಬಾಳದ ಮೇಲ್ಸೇತುವೆಯನ್ನೂ ಸಾದಹಳ್ಳಿಯ ಟೋಲ್ ಗೇಟನ್ನೂ ದಾಟಿದ ಮೇಲೆ ಸಿಗುತ್ತದೆ. ದೆಹಲಿಗೋ ಲಂಡನ್ನಿಗೋ ಹೋಗುವವರಿಗೆ ಇದು ದೊಡ್ಡ ವ್ಯತ್ಯಾಸವೇನಲ್ಲ, ಏಕೆಂದರೆ ಅವರ ಒಟ್ಟು ಪ್ರಯಾಣದಲ್ಲಿ ಆ ಒಂದು ಗಂಟೆ ಕರಗಿಹೋಗುತ್ತದೆ. ಮಂಗಳೂರಿನಂಥ ಹತ್ತಿರದ ಊರಿಗೆ ಹೋಗುವವರಿಗೆ ಮಾತ್ರ ನೆಲದ ಮೇಲಿನ ಈ ಹೊತ್ತು ಆಕಾಶದ ಹೊತ್ತಿಗಿಂತ ದೊಡ್ಡದಾಗಿಬಿಡುತ್ತದೆ. ಹತ್ತಿರದ ಊರುಗಳ ವಿಮಾನ ಸೇವೆಯನ್ನು ಅಳೆಯುವಾಗ ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಹಾರಾಟದ ಹೊತ್ತು. ಟಿಕೆಟ್ಟಿನಲ್ಲಿರುವ ಒಂದು ಗಂಟೆ ಐದು ನಿಮಿಷವೆನ್ನುವುದು ಗಾಳಿಯಲ್ಲಿರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು ಇನ್ನೊಂದು ತುದಿಯಲ್ಲಿ ನಿಲ್ಲುವವರೆಗಿನ ಹೊತ್ತನ್ನು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ತಲಾ 4,000 ಮೀಟರು ಉದ್ದದ ಎರಡು ಸಮಾನಾಂತರ ರನ್‌ವೇಗಳಿವೆ, ದಕ್ಷಿಣದ ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು. ನಿಂತ ಜಾಗದಿಂದ ರನ್‌ವೇಯ ತುದಿಯವರೆಗೆ ಉರುಳಿಕೊಂಡು ಹೋಗಿ, ಸರದಿಯಲ್ಲಿ ನಿಂತು, ಮೇಲೇಳುವ ಹೊತ್ತಿಗೆ ಬೆಳಗಿನ ದಟ್ಟಣೆಯಲ್ಲಿ ಇಪ್ಪತ್ತು ನಿಮಿಷ ಕಳೆಯುವುದು ಸಾಮಾನ್ಯ. ಬಜ್ಪೆಯಲ್ಲಿ ಅಂಥ ಸರದಿ ಇರುವುದಿಲ್ಲ, ಇಳಿದ ಕೆಲವೇ ನಿಮಿಷಗಳಲ್ಲಿ ವಿಮಾನ ನಿಲ್ಲುತ್ತದೆ. ಗಾಳಿಯಲ್ಲಿ ಕಳೆಯುವುದು ನಲವತ್ತರಿಂದ ಐವತ್ತು ನಿಮಿಷ ಮಾತ್ರ.

ಈ ಮಾರ್ಗದಲ್ಲಿ ಎರಡು ಬಗೆಯ ವಿಮಾನಗಳು ಓಡುತ್ತವೆ. ರೆಕ್ಕೆಯ ಮೇಲೆ ಪಂಖವಿರುವ ಎಟಿಆರ್ 72 ಒಂದು, ಏರ್‌ಬಸ್ ಅಥವಾ ಬೋಯಿಂಗ್ ಕಂಪನಿಯ ಜೆಟ್ ಇನ್ನೊಂದು. ಎಟಿಆರ್‌ನ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು, ಜೆಟ್‌ನದು 830ರ ಹತ್ತಿರ. ಹಾಗಿದ್ದರೂ ವೇಳಾಪಟ್ಟಿಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತನ್ನು ಕೊಟ್ಟಿರುವುದನ್ನು ನೋಡಿ ಹಲವರಿಗೆ ಅಚ್ಚರಿಯಾಗುತ್ತದೆ. ಕಾರಣ ಸರಳವಾಗಿದೆ. ಜೆಟ್ ತನ್ನ ಪೂರ್ಣ ವೇಗವನ್ನು ತೋರಿಸುವುದು ಎತ್ತರದಲ್ಲಿ ಸಮತಟ್ಟಾಗಿ ಹಾರುವಾಗ. ಏಳು ಸಾವಿರ ಮೀಟರು ಎತ್ತರದಿಂದ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುವುದಕ್ಕೇ ಸುಮಾರು 130 ಕಿಲೋಮೀಟರು ಬೇಕು, ಏರುವುದಕ್ಕೂ ಸುಮಾರು ಅಷ್ಟೇ ದೂರ ಹೋಗುತ್ತದೆ, ಉಳಿಯುವುದು ನಲವತ್ತೈವತ್ತು ಕಿಲೋಮೀಟರು. ಏರಿ ಮುಗಿಯುವಷ್ಟರಲ್ಲಿ ಇಳಿಯಲು ತೊಡಗಬೇಕಾದ ದಾರಿಯಲ್ಲಿ ಜೆಟ್‌ನ ವೇಗ ಯಾವ ಉಪಯೋಗಕ್ಕೂ ಬರುವುದಿಲ್ಲ. ಹಾಗಾಗಿ ‘ಜೆಟ್ ಇದ್ದರೆ ಬೇಗ ತಲುಪಬಹುದು’ ಎಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ನಿಮಗೆ ಅನುಕೂಲವಾದ ಗಂಟೆಗೆ ಯಾವುದಿದೆಯೋ ಅದನ್ನು ಹಿಡಿಯುವುದೇ ಜಾಣತನ.

ಗಾಳಿಯ ದಿಕ್ಕಿನಿಂದಲೂ ಹೊತ್ತು ಕೊಂಚ ಬದಲಾಗುತ್ತದೆ. ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಗಾಳಿ ಮಂಗಳೂರಿಗೆ ಹೋಗುವ ವಿಮಾನಕ್ಕೆ ಎದುರಾಗುತ್ತದೆ, ಬರುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ಗಂಟೆಗೆ ನಲವತ್ತು ಕಿಲೋಮೀಟರಿನ ಗಾಳಿಯಿದೆ ಎಂದು ಇಟ್ಟುಕೊಂಡರೆ, ಎಟಿಆರ್ 306 ಕಿಲೋಮೀಟರನ್ನು ಹೋಗುವಾಗ 40 ನಿಮಿಷದಲ್ಲಿಯೂ ಬರುವಾಗ 34 ನಿಮಿಷದಲ್ಲಿಯೂ ದಾಟಬೇಕಾಗುತ್ತದೆ. ಆದರೆ ವಿಮಾನ ಯಾವಾಗಲೂ ಗಾಳಿಗೆದುರಾಗಿ ಏಳುವುದರಿಂದ, ಅದೇ ಮುಂಗಾರಿನಲ್ಲಿ ಬೆಂಗಳೂರಿನ ರನ್‌ವೇಯಿಂದ ಅದು ನೇರ ಪಶ್ಚಿಮಕ್ಕೇ, ಮಂಗಳೂರಿನ ದಿಕ್ಕಿಗೇ ಏಳುತ್ತದೆ. ಮೂಡಣ ಗಾಳಿಯ ಚಳಿಗಾಲದಲ್ಲಾದರೆ ಪೂರ್ವಕ್ಕೆ ಎದ್ದು ದೊಡ್ಡ ಸುತ್ತು ಹಾಕಿ ತಿರುಗಬೇಕು. ಎದುರುಗಾಳಿ ಕಸಿದುಕೊಂಡದ್ದನ್ನು ಏಳುವ ದಿಕ್ಕು ಬಹುಪಾಲು ಮರಳಿ ಕೊಡುತ್ತದೆ. ಬಜ್ಪೆಯಲ್ಲಿಯೂ ಹೀಗೆಯೇ. ಅಲ್ಲಿಯ ರನ್‌ವೇ ಈಶಾನ್ಯದಿಂದ ನೈಋತ್ಯಕ್ಕೆ ಚಾಚಿಕೊಂಡಿದೆ, ಪಡುವಣ ಗಾಳಿಯಿರುವಾಗ ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ಮುಖ ಮಾಡಿ ಇಳಿಯಬಹುದು. ಬೆಂಗಳೂರಿನಿಂದ ಬರುವ ವಿಮಾನಕ್ಕೆ ಅದು ಹೆಚ್ಚು ಸುತ್ತಿಲ್ಲದ ದಾರಿ.

ಇಲ್ಲಿಂದ ಮುಂದೆ ನಾನು ಹೆಚ್ಚು ಮಾತಾಡಬೇಕಾಗಿರುವುದು ನೆಲದ ಮೇಲಿನ ಹೊತ್ತಿನ ಬಗ್ಗೆ. ದಕ್ಷಿಣ ಬೆಂಗಳೂರಿನ ಜಯನಗರದಿಂದ ಸಂಜೆ ಹೊರಟರೆ ನಿಲ್ದಾಣ ಸೇರಲು ಒಂದೂ ಮುಕ್ಕಾಲು ಗಂಟೆಯನ್ನು ಇಟ್ಟುಕೊಳ್ಳಲೇಬೇಕು, ಮಳೆ ಬಂದ ಸಂಜೆ ಅದೂ ಸಾಲದು. ಬ್ಯಾಗು ಕೊಡುವ ಕೌಂಟರು ದೇಶದೊಳಗಿನ ಹಾರಾಟಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ವಿಮಾನದ ಗೇಟು ಇಪ್ಪತ್ತೈದು ನಿಮಿಷ ಮುಂಚೆ. ಸುರಕ್ಷಾ ತಪಾಸಣೆಯ ಸಾಲು ಎಷ್ಟುದ್ದ ಇರುತ್ತದೋ ಹೇಳಲಾಗದ್ದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರುವುದು ನೆಮ್ಮದಿ. ಹಾರಾಟಕ್ಕೆ ಒಂದು ಗಂಟೆ ಐದು ನಿಮಿಷ, ಬಜ್ಪೆಯಲ್ಲಿ ಇಳಿದು ಬ್ಯಾಗು ಪಡೆದು ಹೊರಬರಲು ಇಪ್ಪತ್ತು ನಿಮಿಷ, ಅಲ್ಲಿಂದ ಹಂಪನಕಟ್ಟೆಗೆ ನಲವತ್ತು ನಿಮಿಷ. ಎಲ್ಲವನ್ನೂ ಕೂಡಿಸಿದರೆ ಐದು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. ಊರಿಂದ ಊರಿಗಿನ 296 ಕಿಲೋಮೀಟರನ್ನು ಈ ಹೊತ್ತಿನಿಂದ ಭಾಗಿಸಿದರೆ ನಮ್ಮ ವಿಮಾನಯಾನದ ವೇಗ ಗಂಟೆಗೆ ಸುಮಾರು 55 ಕಿಲೋಮೀಟರು ಮಾತ್ರ. ರಾತ್ರಿಯ ಐರಾವತ ಬಸ್ಸು ಸುಮಾರು 350 ಕಿಲೋಮೀಟರು ರಸ್ತೆಯನ್ನು ಏಳೆಂಟು ಗಂಟೆಗಳಲ್ಲಿ ಮುಗಿಸುತ್ತದೆ. ಅಲ್ಲಿಗೆ ವಿಮಾನದಿಂದ ಉಳಿಯುವುದು ಎರಡು ಎರಡೂವರೆ ಗಂಟೆ.

ಆದರೆ ಇದೇ ಲೆಕ್ಕವನ್ನು ಯಲಹಂಕದಲ್ಲಿಯೋ ಸಹಕಾರನಗರದಲ್ಲಿಯೋ ಇರುವವರು ಹಾಕಿದರೆ ಚಿತ್ರವೇ ಬದಲಾಗುತ್ತದೆ. ಅವರಿಗೆ ನಿಲ್ದಾಣ ಅರ್ಧ ಗಂಟೆಯ ದಾರಿ, ಒಟ್ಟು ಪ್ರಯಾಣ ನಾಲ್ಕು ಗಂಟೆಯ ಸುಮಾರಿನಲ್ಲಿ ಮುಗಿಯುತ್ತದೆ. ಇದಕ್ಕೆ ಪೂರ್ತಿ ವಿರುದ್ಧವಾಗಿ ಕೆಂಗೇರಿಯಲ್ಲಿಯೋ ನಾಗರಭಾವಿಯಲ್ಲಿಯೋ ಇರುವವರು ನಿಲ್ದಾಣ ಸೇರುವ ಹೊತ್ತಿನಲ್ಲಿ ರಸ್ತೆಯ ದಾರಿ ಹಿಡಿದಿದ್ದರೆ ನೆಲಮಂಗಲ, ಕುಣಿಗಲ್ ದಾಟಿ ಮುಂದೆ ಹೋಗಿರುತ್ತಿದ್ದರು. ಒಂದೇ ನಗರದ ಎರಡು ಬಡಾವಣೆಗಳ ಜನರಿಗೆ ಒಂದೇ ಟಿಕೆಟ್ಟಿನ ಬೆಲೆ ಇಷ್ಟು ಬೇರೆ ಬೇರೆಯಾಗುವುದರಿಂದ, ಯಾರೋ ಸ್ನೇಹಿತರು ‘ವಿಮಾನದಲ್ಲಿ ಬಂದುಬಿಡಿ, ಆರಾಮ’ ಎಂದರೆಂದು ಟಿಕೆಟ್ ಕೊಳ್ಳಬಾರದು. ಅವರ ಮನೆ ಎಲ್ಲಿದೆ ಎಂದು ಕೇಳಬೇಕು.

ನಿಲ್ದಾಣಕ್ಕೆ ಹೋಗಲು ಬಿಎಂಟಿಸಿಯ ವಾಯುವಜ್ರ ಬಸ್ಸುಗಳನ್ನೇ ನಾನು ಮೆಚ್ಚುತ್ತೇನೆ. ಹವಾನಿಯಂತ್ರಿತ ಬಸ್ಸು, ಬ್ಯಾಗು ಇಡಲು ಜಾಗ, ಬಾಡಿಗೆ ಕಾರಿಗಿಂತ ಎಷ್ಟೋ ಕಡಿಮೆ ದರ, ನಗರದ ಹಲವು ಮೂಲೆಗಳಿಂದ ಹಗಲೂ ರಾತ್ರಿ ಓಡಾಟ. ಬೆಂಗಳೂರಿನ ಸಾರ್ವಜನಿಕ ಸಾರಿಗೆಯಲ್ಲಿ ಇಷ್ಟು ಭರವಸೆಯ ಸೇವೆ ಬೇರೆ ಕಡಿಮೆ. ದಟ್ಟಣೆಯಲ್ಲಿ ಮಾತ್ರ ಅದೂ ಕಾರಿನಷ್ಟೇ ನಿಧಾನ. ನಿಲ್ದಾಣದ ಪಕ್ಕದಲ್ಲಿಯೇ 2021ರ ಜನವರಿಯಲ್ಲಿ ಒಂದು ಹಾಲ್ಟ್ ರೈಲು ನಿಲ್ದಾಣ ಶುರುವಾಯಿತಾದರೂ ಅಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯಷ್ಟಾದ್ದರಿಂದ ಅದನ್ನು ನೆಚ್ಚಿಕೊಂಡು ಟಿಕೆಟ್ ಕಾದಿರಿಸುವುದು ಕಷ್ಟ. ಕೆ.ಆರ್. ಪುರ, ಹೆಬ್ಬಾಳದ ಮೂಲಕ ಬರಬೇಕಾದ ನೀಲಿ ಮಾರ್ಗದ ಮೆಟ್ರೊ ನಿಲ್ದಾಣ ಮುಟ್ಟಿದ ದಿನ ಈ ವಿಮರ್ಶೆಯ ಅಂಕಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾದೀತು. ಯಾವ ಹೊಸ ವಿಮಾನವೂ ಉಳಿಸಿಕೊಡಲಾರದಷ್ಟು ಹೊತ್ತನ್ನು ಆ ಹಳಿ ಉಳಿಸಿಕೊಡುತ್ತದೆ.

ನಿಲ್ದಾಣದೊಳಗಿನ ವ್ಯವಸ್ಥೆಯನ್ನು ದೂರುವಂತಿಲ್ಲ. ಡಿಜಿಯಾತ್ರಾ 2022ರ ಡಿಸೆಂಬರಿನಲ್ಲಿ ಮೊದಲಿಗೆ ಬಂದ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಮುಖ ತೋರಿಸಿ ಒಳಗೆ ಹೋಗುವ ಈ ಏರ್ಪಾಡಿನಿಂದ ಪ್ರವೇಶದ್ವಾರದ ಸಾಲು ನಿಜವಾಗಿಯೂ ಕಡಿಮೆಯಾಗಿದೆ. ಎರಡನೆಯ ಟರ್ಮಿನಲ್ 2023ರ ಜನವರಿಯಿಂದ ದೇಶದೊಳಗಿನ ಹಾರಾಟಗಳಿಗೆ ತೆರೆದುಕೊಂಡಿತು. ಅದರ ಬಿದಿರಿನ ಚಾವಣಿಯನ್ನೂ ನಡುವೆ ನೇತುಬಿಟ್ಟ ಗಿಡಬಳ್ಳಿಗಳನ್ನೂ ನೋಡಲು ನನಗೆ ಇಷ್ಟವೇ. ಮಂಗಳೂರಿನ ವಿಮಾನಗಳು ಕಂಪನಿಗೆ ತಕ್ಕಂತೆ ಬೇರೆ ಬೇರೆ ಟರ್ಮಿನಲ್ಲುಗಳಿಂದ ಹೊರಡಬಹುದಾದ್ದರಿಂದ ಟಿಕೆಟ್ಟಿನ ಮೇಲಿನ ಟರ್ಮಿನಲ್ ಸಂಖ್ಯೆಯನ್ನು ಮನೆಯಲ್ಲಿಯೇ ನೋಡಿಕೊಂಡು ಹೊರಡಿ. ಎಟಿಆರ್ ಹತ್ತುವವರು ಬಹುತೇಕ ಬಸ್ಸಿನಲ್ಲಿ ವಿಮಾನದ ಬಳಿಗೆ ಹೋಗಿ ಹಿಂಬಾಗಿಲಿನಿಂದ ಹತ್ತಬೇಕಾಗುತ್ತದೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಡುವುದು ಒಳ್ಳೆಯದು.

ವಿಮಾನದೊಳಗೆ ಎಟಿಆರ್‌ಗೆ ಒಂದು ದೊಡ್ಡ ಗುಣವಿದೆ. ಅದರ ರೆಕ್ಕೆ ಕಿಟಕಿಗಳ ಮೇಲಿರುವುದರಿಂದ ನೆಲ ಕಾಣದ ಕಿಟಕಿಯೇ ಇಲ್ಲ, ಸಾಲಿಗೆ ಎರಡೆರಡೇ ಆಸನಗಳಿರುವುದರಿಂದ ನಡುವಿನ ಆಸನದ ಕಷ್ಟವೂ ಇಲ್ಲ. ಅದು ಜೆಟ್‌ಗಿಂತ ಕೆಳಗೆ ಹಾರುವುದರಿಂದ ಕೆರೆ, ತೋಟ, ಊರು ಎಲ್ಲವೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ನೇರ ಗೆರೆಯ ಲೆಕ್ಕದಲ್ಲಿ ಹೇಳುವುದಾದರೆ ಶಿವಗಂಗೆ ಬೆಟ್ಟ ಹೆಚ್ಚುಕಡಿಮೆ ಕಾಲಡಿಯಲ್ಲಿಯೇ ಹಾದುಹೋಗುತ್ತದೆ. ಮಂಗಳೂರಿಗೆ ಹೋಗುವಾಗ ಎಡಗಡೆ ಹಾಸನವೂ ಅದರಾಚೆ ಗೊರೂರಿನ ಹೇಮಾವತಿ ಜಲಾಶಯವೂ, ಬಲಗಡೆ ದೂರದಲ್ಲಿ ಮುಳ್ಳಯ್ಯನಗಿರಿಯ ಸಾಲೂ, ಘಟ್ಟ ಇಳಿಯುವಾಗ 1,894 ಮೀಟರು ಎತ್ತರದ ಕುದುರೆಮುಖವೂ ಬರುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಮಳೆ ತೊಳೆದಿಟ್ಟ ಗಾಳಿಯಲ್ಲಿ, ಬೆಳಗಿನ ವಿಮಾನದ ಬಲಗಡೆಯ ಕಿಟಕಿಗೆ ಕುಳಿತವರು ಟಿಕೆಟ್ಟಿನ ಅರ್ಧ ಬೆಲೆ ಅಲ್ಲಿಯೇ ವಸೂಲಾಯಿತೆಂದು ತಿಳಿಯಬಹುದು. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಮೇಲಿದ್ದರೆ ಬಜ್ಪೆ ಸುಮಾರು 100 ಮೀಟರಿನಲ್ಲಿದೆ. ಆ ಎಂಟುನೂರು ಮೀಟರಿನ ಇಳಿತವನ್ನು ರೈಲು, ಬಸ್ಸುಗಳು ತಾಸುಗಟ್ಟಲೆ ತಿರುವುಗಳಲ್ಲಿ ಕಳೆದು ಮುಗಿಸುತ್ತವೆ, ವಿಮಾನದ ಕಿಟಕಿಯಲ್ಲಿ ಮಲೆನಾಡು ಹಠಾತ್ತನೆ ಮುಗಿದು ತೆಂಗಿನ ನೆಲ ಶುರುವಾಗುತ್ತದೆ.

ಕುಂದುಗಳೂ ಇವೆ. ಎಟಿಆರ್‌ನ ಮೇಲ್ಗಡೆಯ ಕಪಾಟು ಚಿಕ್ಕದು, ಗಡುಸಾದ ಕ್ಯಾಬಿನ್ ಪೆಟ್ಟಿಗೆ ಅದರಲ್ಲಿ ಹಿಡಿಯದೆ ಬಾಗಿಲಲ್ಲಿಯೇ ಕೊಟ್ಟುಬಿಡಬೇಕಾಗಬಹುದು, ಮೆತ್ತನೆಯ ಚೀಲ ಒಯ್ಯುವುದು ಲೇಸು. ಕೆಳಗೆ ಹಾರುವುದರಿಂದಲೇ ಮೋಡದ ಕುಲುಕಾಟವೂ ಹೆಚ್ಚು. ಜೂನ್, ಜುಲೈಯಲ್ಲಿ ಘಟ್ಟದ ಮೇಲೆ ಹತ್ತು ಹದಿನೈದು ನಿಮಿಷ ಬೆಲ್ಟು ಬಿಚ್ಚುವ ಹಾಗಿರುವುದಿಲ್ಲ. ಅದರಿಂದ ಅಪಾಯವಿಲ್ಲವಾದರೂ ಮೊದಲ ಸಲ ಹಾರುವವರಿಗೆ ಅಂಜಿಕೆಯಾಗುತ್ತದೆ. ಅಂಥವರಿಗೆ ರೆಕ್ಕೆಯ ಹತ್ತಿರದ ಆಸನವನ್ನು ಕೊಡಿಸಿ, ಅಲ್ಲಿ ಕುಲುಕು ಕಡಿಮೆ.

ಬಜ್ಪೆಯ ನಿಲ್ದಾಣದ ಬಗ್ಗೆ ಬರೆಯುವಾಗ ಅದರ ನೆಲದ ಬಗ್ಗೆ ಹೇಳಲೇಬೇಕು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಶುರುವಾದ ಈ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ಈಗ ದೊಡ್ಡ ವಿಮಾನಗಳು ಬಳಸುವ 2,450 ಮೀಟರಿನ ರನ್‌ವೇ 2006ರಲ್ಲಿ ತೆರೆಯಿತು. ಅದರ ತುದಿಗಳಾಚೆ ನೆಲ ಆಳಕ್ಕೆ ಇಳಿಯುತ್ತದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಬದುಕಿ ಉಳಿದವರು ಎಂಟೇ ಮಂದಿ. ಕರಾವಳಿಯ ಅನೇಕ ಮನೆಗಳಲ್ಲಿ ಆ ದಿನ ಇನ್ನೂ ಮಾಸಿಲ್ಲ, ಈ ನಿಲ್ದಾಣಕ್ಕೆ ಟಿಕೆಟ್ ಕೊಳ್ಳುವಾಗ ಹಿಂದೆಗೆಯುವವರನ್ನು ನಾನು ಬಲ್ಲೆ. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ವಿಮಾನ ರನ್‌ವೇಯ ಅರ್ಧಕ್ಕಿಂತ ಬಹಳ ಮುಂದೆ ಹೋಗಿ ನೆಲ ಮುಟ್ಟಿತ್ತೆಂದೂ, ಇಳಿಯುವ ಪ್ರಯತ್ನವನ್ನು ಬಿಟ್ಟು ಮತ್ತೆ ಮೇಲೇರಬೇಕಿತ್ತೆಂದೂ ತನಿಖೆ ಹೇಳಿತು. ಅಂದಿನಿಂದ ಇಲ್ಲಿ ಪೈಲಟ್‌ಗಳು ಸ್ವಲ್ಪ ಅನುಮಾನ ಬಂದರೂ ಮತ್ತೆ ಮೇಲೇರುವುದನ್ನು ನಾನು ಮೆಚ್ಚುಗೆಯಿಂದಲೇ ನೋಡಿದ್ದೇನೆ. 2023ರ ಬೇಸಿಗೆಯ ಹೊತ್ತಿಗೆ ಇಡೀ ರನ್‌ವೇಗೆ ಹೊಸ ಡಾಂಬರಿನ ಹೊದಿಕೆಯನ್ನೂ ಹಾಕಲಾಗಿದೆ.

ಈ ಎಚ್ಚರಿಕೆಗೆ ಪ್ರಯಾಣಿಕ ತೆರಬೇಕಾದ ಬೆಲೆ ಮಳೆಗಾಲದ ಅನಿಶ್ಚಯ. ಗುಡ್ಡದ ತಲೆಯ ಮೇಲೆ ಮೋಡ ಕೂತು ರನ್‌ವೇ ಕಾಣದಿದ್ದರೆ ವಿಮಾನ ಆಕಾಶದಲ್ಲಿಯೇ ಸುತ್ತುತ್ತ ಕಾಯುತ್ತದೆ, ಆಗಲೂ ಕಾಣದಿದ್ದರೆ ಬೇರೆ ಊರಿಗೆ ಹೋಗುತ್ತದೆ. ಬೆಂಗಳೂರಿನಿಂದ ಬಂದ ವಿಮಾನಕ್ಕೆ ಬೇರೆ ಊರೆಂದರೆ ಹೆಚ್ಚಾಗಿ ಬೆಂಗಳೂರೇ. ಒಂದು ಜುಲೈನಲ್ಲಿ ನಾನಿದ್ದ ವಿಮಾನ ಬಜ್ಪೆಯ ಮೇಲೆ ಸುತ್ತು ಹಾಕಿ ಹೊರಟ ಜಾಗಕ್ಕೇ ಹಿಂತಿರುಗಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಮುದ್ರ ಕಂಡಿದ್ದೆವಲ್ಲ ಎಂದು ಬೇಸರಪಟ್ಟಾಗ, ಗಗನಸಖಿ ಬಂದು, ‘ಅಜ್ಜಾ, ಸಮುದ್ರ ಕಂಡರೆ ಸಾಲದು, ಕ್ಯಾಪ್ಟನ್ನರಿಗೆ ರನ್‌ವೇ ಕಾಣಬೇಕು. ಮೋಡ ಸರಿದ ಕೂಡಲೇ ಮತ್ತೆ ಹೊರಡುತ್ತೇವೆ’ ಎಂದು ತಾಳ್ಮೆಯಿಂದ ತಿಳಿಹೇಳಿದರು. ಮಧ್ಯಾಹ್ನ ಮತ್ತೆ ಹೊರಟೆವು, ತಲುಪಿದೆವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮದುವೆ, ಪರೀಕ್ಷೆ, ಆಸ್ಪತ್ರೆಯ ಸಮಯ ಇವುಗಳಿಗೆ ಹೋಗುವವರು ಅದೇ ದಿನದ ಕೊನೆಯ ವಿಮಾನವನ್ನು ನೆಚ್ಚಬಾರದು. ಬೆಳಗಿನದು ಹಿಡಿದರೆ ತಪ್ಪಿದರೂ ದಿನವೊಂದು ಕೈಯಲ್ಲಿರುತ್ತದೆ.

ಹಾಗೆಂದು ಮಳೆಗಾಲದಲ್ಲಿ ರಸ್ತೆ, ರೈಲುಗಳು ವಿಮಾನಕ್ಕಿಂತ ಹೆಚ್ಚು ಭರವಸೆಯವೇ? ಅದೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯ ಕಥೆ ಪ್ರತಿ ವರ್ಷದ್ದು. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯ ದಾರಿಯೂ ಗುಡ್ಡ ಕುಸಿದು ಮುಚ್ಚಿಹೋದಾಗ ಕರಾವಳಿಗೆ ಇಳಿಯುವುದೇ ಬಹಳ ಕಷ್ಟವಾಗಿತ್ತು. 2024ರ ಜುಲೈಯಲ್ಲಿ ಸಕಲೇಶಪುರದಾಚೆ ದೊಡ್ಡತಪ್ಪಲೆಯ ಬಳಿ ಮಣ್ಣು ಮತ್ತೆ ಮತ್ತೆ ಹೆದ್ದಾರಿಗೆ ಇಳಿಯಿತು, ಅದೇ ತಿಂಗಳ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳೂ ದಿನಗಟ್ಟಲೆ ನಿಂತವು. ಇಂಥ ದಿನಗಳಲ್ಲಿ ವಿಮಾನವೊಂದೇ ಆಸರೆ. ಆ ದಿನಗಳಲ್ಲಿ ಟಿಕೆಟ್ ದರ ಏರುವುದನ್ನು ತಡೆಯುವ ವ್ಯವಸ್ಥೆ ಇರಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಘಾಟಿ ಮುಚ್ಚಿದ ದಿನ ಊರಿಗೆ ಹೋಗಲೇಬೇಕಾದವರು ಪ್ರವಾಸಿಗರಲ್ಲ. ಆಸ್ಪತ್ರೆಗೋ ಸಾವಿನ ಮನೆಗೋ ಹೊರಟವರು ಅವರು.

ರೈಲನ್ನು ಹೋಲಿಕೆಗೆಂದಷ್ಟೇ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಐವತ್ತು ಮೀಟರಿಗೆ ಒಂದು ಮೀಟರು ಇಳಿಯುವ ಹಳಿ, ಗಂಟೆಗೆ ಮೂವತ್ತು ಕಿಲೋಮೀಟರಿನ ಸುಮಾರಿನ ವೇಗ. ವಿಮಾನ ಬೆಂಗಳೂರಿನಿಂದ ಮಂಗಳೂರಿಗೆ ಹಾರುವ ಹೊತ್ತಿಗಿಂತ ಈ 55 ಕಿಲೋಮೀಟರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ರಾತ್ರಿಯ ರೈಲಿನಲ್ಲಿ ಆ ಹೊತ್ತು ನಿದ್ದೆಯಲ್ಲಿ ಕಳೆಯುತ್ತದೆ, ಬೆಳಗ್ಗೆ ಕಣ್ಣುಬಿಟ್ಟಾಗ ಊರು ಬಂದಿರುತ್ತದೆ. ಎಚ್ಚರದ ಹೊತ್ತನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ರಾತ್ರಿಯ ರೈಲು, ರಾತ್ರಿಯ ಬಸ್ಸು ಎರಡೂ ವಿಮಾನಕ್ಕಿಂತ ಅಗ್ಗ. ಇದನ್ನು ವಿಮಾನದ ಅಭಿಮಾನಿಗಳು ಒಪ್ಪಲೇಬೇಕು.

ಮಂಗಳೂರು ಎಂದು ಟಿಕೆಟ್ ಕೊಳ್ಳುವವರೆಲ್ಲ ಮಂಗಳೂರಿಗೇ ಹೋಗುವವರಲ್ಲ ಎಂಬುದನ್ನೂ ನೆನಪಿಡಬೇಕು. ಬಜ್ಪೆ ನಗರದ ಈಶಾನ್ಯಕ್ಕಿರುವುದರಿಂದ ಕಟೀಲು, ಕಿನ್ನಿಗೋಳಿ, ಮೂಡುಬಿದಿರೆ, ಕಾರ್ಕಳದ ಕಡೆಯವರಿಗೆ ನಗರದ ದಟ್ಟಣೆಯೊಳಗೆ ಕಾಲಿಡದೆಯೇ ಮನೆ ಸೇರುವ ಅನುಕೂಲವಿದೆ. ಈ ಸೇವೆಯ ಪೂರ್ತಿ ಲಾಭ ಸಿಗುವುದು ಅವರಿಗೆ. ಉಡುಪಿ, ಮಣಿಪಾಲದವರಿಗೂ ಸುಮಾರು ಒಂದೂವರೆ ಗಂಟೆಯ ದಾರಿ, ಪರವಾಗಿಲ್ಲ. ಆದರೆ ಪುತ್ತೂರು, ಸುಳ್ಯ, ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆಗೆ ಹೋಗುವವರು ವಿಮಾನ ಹಿಡಿದರೆ ತಮ್ಮ ಊರಿನ ಮೇಲೆಯೇ ಹಾರಿಹೋಗಿ ಕಡಲತಡಿ ಮುಟ್ಟಿ, ಮತ್ತೆ ಎರಡು ಗಂಟೆ ಮೂಡಣಕ್ಕೆ ಹಿಂತಿರುಗಬೇಕು. ಬಸ್ಸಾದರೆ ಅವರನ್ನು ಉಪ್ಪಿನಂಗಡಿಯಲ್ಲಿಯೋ ನೆಲ್ಯಾಡಿಯಲ್ಲಿಯೋ ಮೊದಲೇ ಇಳಿಸಿಬಿಡುತ್ತದೆ. ಅವರಿಗೆ ಈ ವಿಮಾನವನ್ನು ನಾನು ಎಂದೂ ಸೂಚಿಸುವುದಿಲ್ಲ.

ನಿಲ್ದಾಣದಿಂದ ನಗರಕ್ಕೆ ಇಳಿಯುವ ದಾರಿ ಮರವೂರಿನಲ್ಲಿ ಫಲ್ಗುಣಿ ನದಿಯನ್ನು ದಾಟಿ ಕಾವೂರಿನ ಮೂಲಕ ಬರುತ್ತದೆ. 2021ರ ಜೂನ್‌ನಲ್ಲಿ ಮರವೂರಿನ ಸೇತುವೆ ಕುಸಿದು ಬಳಸು ದಾರಿ ಹಿಡಿಯಬೇಕಾಗಿ ಬಂದಾಗ ನಿಲ್ದಾಣ ಎಷ್ಟು ತೆಳ್ಳನೆಯ ಎಳೆಯಿಂದ ನಗರಕ್ಕೆ ಅಂಟಿಕೊಂಡಿದೆಯೆಂದು ಎಲ್ಲರಿಗೂ ಗೊತ್ತಾಯಿತು. ಹೊರಬಂದ ಕೂಡಲೇ ಪ್ರೀಪೇಯ್ಡ್ ಟ್ಯಾಕ್ಸಿ ಸಿಗುತ್ತದೆ, ದರವೂ ನ್ಯಾಯವಾಗಿದೆ. ನಗರದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸುಗಳಿದ್ದರೂ ಅವು ವಿಮಾನದ ವೇಳೆಗೆ ಹೊಂದಿಕೊಂಡು ಹೊರಡುವುದಿಲ್ಲ. ಬೆಂಗಳೂರಿನ ವಾಯುವಜ್ರದಂಥ ಒಂದು ಬಸ್ಸನ್ನು ಪ್ರತಿ ವಿಮಾನದ ವೇಳೆಗೆ ಸರಿಯಾಗಿ ಇಲ್ಲಿ ನಿಲ್ಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ದರದ ವಿಷಯ ಚಿಕ್ಕದಾಗಿ: ವಾರದ ನಡುವೆ, ಮೂರು ನಾಲ್ಕು ವಾರ ಮುಂಚೆ ಕೊಂಡರೆ ಒಳ್ಳೆಯ ಸ್ಲೀಪರ್ ಬಸ್ಸಿನ ದರಕ್ಕಿಂತ ಕೊಂಚವೇ ಹೆಚ್ಚಿಗೆ ಸಿಗುವುದುಂಟು. ದಸರಾ, ದೀಪಾವಳಿ, ಕ್ರಿಸ್ಮಸ್ ಮತ್ತು ಸಾಲು ರಜೆಗಳ ಶುಕ್ರವಾರ ಅದೇ ಆಸನದ ಬೆಲೆ ಹಲವು ಪಟ್ಟಾಗುತ್ತದೆ. ನಿಲ್ದಾಣಕ್ಕೆ ಹೋಗುವ ಕಾರಿನ ಬಾಡಿಗೆಯನ್ನು ಸೇರಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಎಷ್ಟೋ ಸಲ ಆ ಬಾಡಿಗೆಯೇ ವಿಮಾನದ ಟಿಕೆಟ್ಟಿನ ಅರ್ಧದಷ್ಟಿರುತ್ತದೆ.

ಇಷ್ಟನ್ನೆಲ್ಲ ತೂಗಿ ನಾನು ಈ ಸೇವೆಯನ್ನು ಮೂರು ಬಗೆಯ ಜನರಿಗೆ ಮನಸಾರೆ ಸೂಚಿಸುತ್ತೇನೆ. ಉತ್ತರ ಬೆಂಗಳೂರಿನಲ್ಲಿ ಮನೆಯುಳ್ಳವರು ಮೊದಲನೆಯವರು. ಎಂಟು ಗಂಟೆ ಒಂದೇ ಕಡೆ ಕೂರಲಾಗದ ಹಿರಿಯರು, ಗರ್ಭಿಣಿಯರು, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿಬರುವವರು ಎರಡನೆಯವರು. ಹೊರದೇಶದಿಂದ ಬೆಂಗಳೂರಿಗೆ ಬಂದಿಳಿದು ಅದೇ ನಿಲ್ದಾಣದಿಂದ ಮುಂದಿನ ವಿಮಾನ ಹಿಡಿಯುವವರು ಮೂರನೆಯವರು. ಅವರಿಗೆ ನಗರದ ದಟ್ಟಣೆಯ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ ಟಿಕೆಟ್ಟಿನ ಮೇಲಿನ ಒಂದು ಗಂಟೆ ಐದು ನಿಮಿಷ ಅವರ ಪಾಲಿಗೆ ಬಹುಮಟ್ಟಿಗೆ ನಿಜವಾಗಿಯೇ ಇರುತ್ತದೆ. ಅವರು ಎರಡು ಹಾರಾಟಗಳ ನಡುವೆ ಮೂರು ಗಂಟೆಯಾದರೂ ಇಟ್ಟುಕೊಂಡು, ಸಾಧ್ಯವಾದರೆ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳಬೇಕು. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಆಸನ ಕೊಡುವ ಹೊಣೆ ಆಗ ಕಂಪನಿಯದಾಗುತ್ತದೆ, ಬ್ಯಾಗೂ ನೇರವಾಗಿ ಬಜ್ಪೆಗೇ ಬರುತ್ತದೆಯೇ ಅಥವಾ ಬೆಂಗಳೂರಿನಲ್ಲಿ ಕಸ್ಟಮ್ಸ್ ಮುಗಿಸಿ ಮತ್ತೆ ಕೊಡಬೇಕೇ ಎಂಬುದನ್ನು ಮೊದಲ ನಿಲ್ದಾಣದ ಕೌಂಟರಿನಲ್ಲಿಯೇ ಕೇಳಿಕೊಳ್ಳಬೇಕು.